ಹೊರಗಿನಿಂದ ಬಂದ ವಿದ್ಯೆ, ನಮ್ಮದಾದ ಗೊಂಬೆ

ಮಡಿಕೇರಿಯಿಂದ ಮೈಸೂರು ದಾಟಿ ಹಳೆಯ ಹೆದ್ದಾರಿಯಲ್ಲಿ ಬೆಂಗಳೂರಿಗೆ ಹೋಗುವಾಗ ಚನ್ನಪಟ್ಟಣದ ಬಣ್ಣದ ಗೊಂಬೆಗಳನ್ನು ನೀವು ನೋಡಿರಬಹುದು. ಅವುಗಳ ಚರಿತ್ರೆ ತಿಳಿದಿದೆಯೇ? ಟಿಪ್ಪು ಸುಲ್ತಾನರು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಸ್ಥಳೀಯರಿಗೆ ಈ ಕಲೆ ಕಲಿಸಿದರೆಂದು ಪ್ರತೀತಿ. ಮುಂದೆ ಬಾವಾಸ್ ಮಿಯಾನ್ ಜಪಾನಿನ ತಂತ್ರವನ್ನು ಅಳವಡಿಸಿ ಕಸುಬನ್ನು ಬೆಳೆಸಿದರು.

1980ರ ದಶಕದಲ್ಲಿ ಇಟಲಿಯ ಜಿಗ್ ಕಂಪನಿಯೂ ಜಪಾನಿನತ್ತ ನೋಡಿತು. ಆದರೆ ಅದು ಪಡೆದದ್ದು ಟಕಾರ ಕಂಪನಿಯ ರೋಬೋಟ್ ಗೊಂಬೆಗಳನ್ನು ಮಾರುವ ಪರವಾನಗಿ. ನಮ್ಮವರು ಪಡೆದದ್ದು ವಿದ್ಯೆ. ಹಾಲೆ ಮರ ಇಲ್ಲಿಯದೇ. ತಿರುಗುವ ಮರಕ್ಕೆ ಅರಗಿನ ಬಣ್ಣ ಒತ್ತಿ, ಕೇದಗೆ ಎಲೆಯಿಂದ ಹೊಳಪು ಕೊಡುವ ಕೈಗಳೂ ಇಲ್ಲಿಯವೇ. ಇಂದು ಚನ್ನಪಟ್ಟಣದ ಹೆಸರಿನಲ್ಲೇ ಭೌಗೋಳಿಕ ಗುರುತಿನ ಮಾನ್ಯತೆಯಿದೆ.

ಪರವಾನಗಿಗೆ ಅವಧಿಯುಂಟು, ಕಲಿತ ವಿದ್ಯೆಗಿಲ್ಲ. ಮಕ್ಕಳಿಗೆ ಪುಸ್ತಕದೊಡನೆ ಒಂದು ಕೈಕಸುಬನ್ನೂ ಕಲಿಸೋಣ.