ಅಚ್ಚಿನಿಂದ ಬೇರಿಂಗ್‌ವರೆಗೆ: ಯಂತ್ರಭಾಗಗಳ ಬಾಳಿಕೆಯನ್ನು ಮುಂಗಾಣುವ ವಿದ್ಯೆ

ಯಂತ್ರಭಾಗವೊಂದು ಎಷ್ಟು ಕಾಲ ಬಾಳುತ್ತದೆಂಬುದನ್ನು ಅದು ಇನ್ನೂ ನಕ್ಷೆಯಲ್ಲಿರುವಾಗಲೇ ಲೆಕ್ಕಹಾಕುವ ವಿದ್ಯೆ ಹುಟ್ಟಿದ್ದು ರೈಲುಗಾಡಿಯ ಅಚ್ಚಿನಿಂದ. 1842ರ ಮೇ 8ರಂದು ವರ್ಸೇಯಿಂದ ಪ್ಯಾರಿಸ್ಸಿಗೆ ಮರಳುತ್ತಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಗಾಡಿಗಳು ಉರುಳಿ ಬೆಂಕಿ ಹತ್ತಿಕೊಂಡು ಐವತ್ತಕ್ಕೂ ಹೆಚ್ಚು ಪ್ರಯಾಣಿಕರು ಸತ್ತರು. ಹೊರಬೇಕಾದ ಭಾರಕ್ಕಿಂತ ಎಷ್ಟೋ ಹೆಚ್ಚನ್ನು ತಾಳಬಲ್ಲ ಕಬ್ಬಿಣ, ಬಹುಕಾಲ ದುಡಿದ ಮೇಲೆ ಇದ್ದಕ್ಕಿದ್ದಂತೆ ತುಂಡಾಗುವುದೇಕೆ ಎಂಬುದು ಅಂದಿನ ಎಂಜಿನಿಯರುಗಳಿಗೆ ಒಗಟಾಗಿತ್ತು. ಅದುರುವಿಕೆಯಿಂದ ಕಬ್ಬಿಣ ಒಳಗೇ ಹರಳುಗಟ್ಟುತ್ತದೆಂದು ಹಲವರು ನಂಬಿದ್ದಾಗ, ಅಚ್ಚಿನ ದಪ್ಪ ಥಟ್ಟನೆ ಬದಲಾಗುವ ಮೂಲೆಯಲ್ಲಿ ಬಿರುಕು ಹುಟ್ಟಿ ಮೆಲ್ಲಮೆಲ್ಲನೆ ಒಳಕ್ಕೆ ಬೆಳೆಯುತ್ತದೆಂದು ಸ್ಕಾಟ್ಲೆಂಡಿನ ವಿಲಿಯಂ ರ‍್ಯಾಂಕಿನ್ 1843ರಲ್ಲಿ ವಾದಿಸಿದರು.

ಈ ಬಿರುಕಿನ ವಿಷಯವನ್ನು ಅಳತೆಗೆ ತಂದವರು ಪ್ರಷ್ಯಾದ ರೈಲ್ವೆಯಲ್ಲಿದ್ದ ಆಗಸ್ಟ್ ವೋಲರ್. ಓಡುವ ಗಾಡಿಯಲ್ಲಿ ಅಚ್ಚು ಎಷ್ಟು ಬಾಗುತ್ತದೆಂಬುದನ್ನು ಅವರು ಮೊದಲು ಸತುವಿನ ತಗಡಿನ ಮೇಲೆ ಗೀರೆಳೆಯುವ ಉಪಕರಣದಿಂದ ಅಳೆದರು. ಬಳಿಕ ಅಚ್ಚಿನ ಮಾದರಿಯೊಂದರ ಒಂದು ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿ, ಇನ್ನೊಂದನ್ನು ಸ್ಪ್ರಿಂಗಿನಿಂದ ಎಳೆದು ಹಿಡಿದು, ಮುರಿಯುವವರೆಗೂ ತಿರುಗಿಸಿದರು. ಇಲ್ಲಿ ಪ್ರತಿ ಸುತ್ತಿಗೂ ಅಚ್ಚಿನ ಮೈಯ ಒಂದೊಂದು ಬಿಂದುವೂ ಒಮ್ಮೆ ಹಿಗ್ಗಿ ಒಮ್ಮೆ ಕುಗ್ಗುತ್ತದೆ. 1870ರವರೆಗೂ ನಡೆದ ಈ ತಾಳ್ಮೆಯ ಕೆಲಸದಿಂದ, ಭಾರ ತಗ್ಗಿದಷ್ಟೂ ಸುತ್ತುಗಳು ಹೆಚ್ಚುತ್ತವೆ ಮತ್ತು ಒಂದು ಮಿತಿಯ ಕೆಳಗೆ ಕಬ್ಬಿಣ ಲಕ್ಷಾಂತರ ಸುತ್ತುಗಳಾದರೂ ಮುರಿಯುವುದಿಲ್ಲ ಎಂಬುದು ಸ್ಪಷ್ಟವಾಯಿತು. ಹೀಗೆ ಮರುಮರಳಿ ಬೀಳುವ ಹೊರೆಯಿಂದ ಲೋಹ ಸೋಲುವುದನ್ನೇ ಲೋಹದ ದಣಿವು ಎನ್ನುತ್ತಾರೆ.

ಆದರೆ ಒಂದೇ ಲೋಹದಿಂದ ಕಡೆದ ಎರಡು ತುಂಡುಗಳು ಒಂದೇ ಹೊರೆಯಡಿ ಒಂದೇ ಸುತ್ತಿಗೆ ಮುರಿಯುವುದಿಲ್ಲ. ಈ ಏರುಪೇರನ್ನು ಪ್ರಯೋಗದ ದೋಷವೆಂದು ತಳ್ಳಿಹಾಕದೆ ಲೆಕ್ಕದ ಒಳಗೇ ಸೇರಿಸಿಕೊಂಡದ್ದು ಸ್ವೀಡನ್ನಿನವರ ದೊಡ್ಡ ಕೊಡುಗೆ. ಬೇರಿಂಗ್ ತಯಾರಿಸುವ ಎಸ್‌ಕೆಎಫ್ ಸಂಸ್ಥೆಯ ಆರ್ವಿಡ್ ಪಾಮ್‌ಗ್ರೆನ್ 1924ರಲ್ಲಿ, ಅಚ್ಚನ್ನು ಹೊತ್ತು ಸರಾಗವಾಗಿ ತಿರುಗಲು ಬಿಡುವ ಬೇರಿಂಗಿನ ಬಾಳಿಕೆಯನ್ನು, ಒಂದೇ ಬಗೆಯ ಬೇರಿಂಗುಗಳಲ್ಲಿ ನೂರಕ್ಕೆ ತೊಂಬತ್ತು ಕೆಡದೆ ಉಳಿಯುವ ಅವಧಿಯೆಂದು ನಿರೂಪಿಸಿದರು. ವಸ್ತುವಿನ ಅತಿ ದುರ್ಬಲ ಬಿಂದುವೇ ಅದರ ಬಲವನ್ನು ನಿರ್ಧರಿಸುತ್ತದೆಂಬ ವಾಲೊಡಿ ವೈಬುಲ್ಲರ 1939ರ ಸಿದ್ಧಾಂತವನ್ನು ಇದಕ್ಕೆ ಜೋಡಿಸಿ, ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಪ್ರಕಟಿಸಿದ ಸೂತ್ರದ ಪ್ರಕಾರ, ಬಾಲ್ ಬೇರಿಂಗಿನ ಬಾಳಿಕೆ ಹೊರೆಯ ಘನಕ್ಕೆ ವಿಲೋಮವಾಗಿರುತ್ತದೆ. ಅಂದರೆ ಹೊರೆ ಇಮ್ಮಡಿಯಾದರೆ ಬಾಳಿಕೆ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಯಾವ ಬೇರಿಂಗ್ ಯಾವಾಗ ಕೆಡುತ್ತದೆಂದು ಈ ಸೂತ್ರ ಹೇಳುವುದಿಲ್ಲ, ಗುಂಪಿನ ಗತಿಯನ್ನಷ್ಟೇ ಹೇಳುತ್ತದೆ. ವಿನ್ಯಾಸಕಾರನಿಗೆ ಬೇಕಾದದ್ದೂ ಅಷ್ಟೇ. ಈ ವಿದ್ಯೆಯ ಇತಿಹಾಸದಲ್ಲಿ ಇದೊಂದು ಮುಖ್ಯ ತಿರುವು.

1960ರ ದಶಕದಲ್ಲಿ ಅಮೆರಿಕದ ಸೇನೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗಾಗಿ ಕೈಪಿಡಿಯೊಂದನ್ನು ರೂಪಿಸಿ, ಪ್ರತಿ ಭಾಗಕ್ಕೂ ಕಾಲದೊಂದಿಗೆ ಬದಲಾಗದ ವಿಫಲತೆಯ ದರವನ್ನು, ಅಂದರೆ ಇಂತಿಷ್ಟು ಗಂಟೆಗಳಲ್ಲಿ ಕೆಡುವ ಸರಾಸರಿ ಸಂಖ್ಯೆಯನ್ನು, ಕೊಟ್ಟಿತು. ಸವೆಯುವ, ದಣಿಯುವ, ತುಕ್ಕು ಹಿಡಿಯುವ ಯಂತ್ರಭಾಗಗಳಿಗೆ ಈ ಕ್ರಮ ಒಗ್ಗಲಿಲ್ಲ. ಆ ಕೊರತೆಯನ್ನು ನೀಗಲು ಅಮೆರಿಕದ ನೌಕಾಪಡೆಯ ಕಾರ್ಡರಾಕ್ ಕೇಂದ್ರ ಸಿದ್ಧಪಡಿಸಿದ ಕೈಪಿಡಿಯಲ್ಲಿ ಸ್ಪ್ರಿಂಗ್, ಗೇರ್, ವಾಲ್ವ್ ಮೊದಲಾದವುಗಳ ಮೂಲ ದರವನ್ನು ಅವು ದುಡಿಯುವ ಪರಿಸ್ಥಿತಿಯ ಗುಣಾಂಕಗಳಿಂದ ಗುಣಿಸಲಾಗುತ್ತದೆ. ದ್ರವ ಸೋರದಂತೆ ತಡೆಯುವ ಸೀಲ್‌ನ ವಿಷಯದಲ್ಲಿ ದ್ರವದ ಒತ್ತಡ, ಸ್ನಿಗ್ಧತೆ, ಉಷ್ಣತೆ, ಅದರಲ್ಲಿ ಬೆರೆತ ಕೊಳೆ, ತಾಗುವ ಮೈಯ ನುಣುಪು ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ.

ಇಂದು ಈ ಗುಣಾಕಾರವನ್ನು ಗಣಕಯಂತ್ರ ಕ್ಷಣದಲ್ಲಿ ಮುಗಿಸುತ್ತದೆ. ಆದರೆ ಅದಕ್ಕೆ ಉಣಿಸುವ ಹೊರೆಯ ಅಂಕಿಯನ್ನು, ವೋಲರ್ ಮಾಡಿದಂತೆ, ಯಂತ್ರ ನಡೆಯುವ ಸ್ಥಳಕ್ಕೇ ಹೋಗಿ ಅಳೆಯಬೇಕಾಗುತ್ತದೆ. ನಿಜವಾದ ಹೊರೆ ಅಂದಾಜಿಗಿಂತ ಶೇಕಡ 20ರಷ್ಟು ಹೆಚ್ಚಿದ್ದರೆ, ಬಾಲ್ ಬೇರಿಂಗಿನ ಬಾಳಿಕೆ ಲೆಕ್ಕಹಾಕಿದ್ದರ ಶೇಕಡ 58ಕ್ಕೆ ಕುಸಿಯುತ್ತದೆ.