ನಾನೇನೂ ತಪ್ಪು ಮಾಡಿಲ್ಲ

2003ನೆಯ ಇಸವಿಯ ಮಾತು. ನಮ್ಮ ಶಾಲೆಯ ಹುಡುಗನೊಬ್ಬನ ತಾಯಿ ಮಗನ ಟಿ.ಸಿ. ಕೇಳಲು ಬಂದಿದ್ದಳು. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡು ಆರು ತಿಂಗಳಾಗಿತ್ತು. "ಯಾಕಮ್ಮಾ, ಊರು ಬಿಡ್ತೀಯಾ?" ಎಂದೆ. ತಲೆ ತಗ್ಗಿಸಿಯೇ ಹೇಳಿದಳು: "ಅವರ ಕಾಯಿಲೆ ನಂಗೂ ಐತಂತೆ ಟೀಚರ್. ನಾನೇನೂ ತಪ್ಪು ಮಾಡಿಲ್ಲ." ಸಮಾಧಾನ ಹೇಳಿ ಚಹಾ ತರಿಸಿಕೊಟ್ಟೆ. ಅವಳು ಕುಡಿದಿಟ್ಟ ಲೋಟವನ್ನು ಉಳಿದವುಗಳಿಂದ ಬೇರೆ ಸರಿಸಿದೆ. ಅವಳು ಅದನ್ನು ನೋಡಿದಳು. ಈ ರೋಗ ಒಂದೇ ಲೋಟದಲ್ಲಿ ಕುಡಿದರೆ ಹರಡುವುದಿಲ್ಲವೆಂದು ಮಕ್ಕಳಿಗೆ ಪಾಠ ಹೇಳಿದವಳೇ ನಾನು.

ತಪ್ಪು ಮಾಡಿಲ್ಲ ಎಂದು ಅವಳು ಏಕೆ ಹೇಳಬೇಕಾಯಿತು? ಕಾಲರಾ ಬಂದವರು ಹಾಗೆ ಹೇಳುವುದಿಲ್ಲ. ಆ ಮಾತಿಗೊಂದು ಇತಿಹಾಸವಿದೆ. 1986ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಹೆಂಗಸರ ರಕ್ತ ಸಂಗ್ರಹಿಸಿದರು. ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಆರು ಮಂದಿಯಲ್ಲಿ ಎಚ್‌ಐವಿ ಕಂಡಿತು. ಭಾರತದಲ್ಲಿ ಅದು ಪತ್ತೆಯಾದದ್ದು ಹಾಗೆ. ವೈದ್ಯರು ಕಂಡದ್ದು ವೈರಾಣುವನ್ನು; ಜನ ಕಂಡದ್ದು ನಡತೆಯನ್ನು. ಆ ಆರು ಮಂದಿಗೂ ಅದು ಯಾವನೋ ಗಂಡಸಿನಿಂದಲೇ ಬಂದಿದ್ದೀತೆಂದು ಯೋಚಿಸಿದವರು ಕಡಿಮೆ.

ಮುಂದೆ ಎಷ್ಟೋ ಗೃಹಿಣಿಯರಿಗೆ ತಮ್ಮ ಸೋಂಕು ತಿಳಿದದ್ದು ಗಂಡ ಹಾಸಿಗೆ ಹಿಡಿದಾಗ, ಇಲ್ಲವೆ ಬಸುರಿಯ ತಪಾಸಣೆಯಲ್ಲಿ. ಅರ್ಥ ಮಾಡಿಕೊಳ್ಳಲು ಅವರಿಗೆ ಸಿಕ್ಕಿದ್ದು ಎರಡೇ ಮಾತು: ಹಣೆಬರಹ, ತಪ್ಪು. ತನ್ನದು ತಪ್ಪಲ್ಲವೆಂದು ಸಾಧಿಸುವುದರಲ್ಲೇ ಕಾಯಿಲೆಯ ಅರ್ಧ ನೋವು. ಆದರೆ ಆ ಮಾತು ಇನ್ನೊಬ್ಬ ಹೆಂಗಸಿನ ಮೇಲೆ ತಪ್ಪು ಹೊರಿಸುತ್ತದೆ ಎಂಬುದು ನನಗೆ ಹೊಳೆದದ್ದು ತಡವಾಗಿ.

ಆ ಹೆಂಗಸರೇ ಬೇರೆ ಮಾತು ಹುಡುಕಿಕೊಂಡರು. ಗಂಡನಿಂದ ಸೋಂಕು ತಗಲಿದ್ದ ತಮಿಳುನಾಡಿನ ಪಿ. ಕೌಸಲ್ಯ 1998ರಲ್ಲಿ ತಮ್ಮಂಥವರನ್ನು ಕೂಡಿಸಿಕೊಂಡು 'ಪಾಸಿಟಿವ್ ವಿಮೆನ್ ನೆಟ್‌ವರ್ಕ್' ಕಟ್ಟಿದರು. ಅಲ್ಲಿ ಯಾರಿಂದ ಬಂತು ಎಂಬುದಕ್ಕಿಂತ ಇನ್ನು ಹೇಗೆ ಬದುಕುವುದು ಎಂಬುದು ದೊಡ್ಡದಾಯಿತು. 2004ರ ಏಪ್ರಿಲ್‌ನಿಂದ ಕರ್ನಾಟಕವೂ ಸೇರಿದಂತೆ ಸೋಂಕು ಹೆಚ್ಚಿದ್ದ ಆರು ರಾಜ್ಯಗಳಲ್ಲಿ ಸರ್ಕಾರ ಉಚಿತವಾಗಿ ಔಷಧಿ ಕೊಡತೊಡಗಿತು. ತಪ್ಪದೆ ಮಾತ್ರೆ ನುಂಗಿ ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿದರೆ ಸಂಗಾತಿಗೆ ಸೋಂಕು ದಾಟುವುದಿಲ್ಲ. ಸೋಂಕಿಲ್ಲದ ಮಗುವನ್ನೂ ಹೆರಬಹುದು. ಶಾಲೆ, ನೌಕರಿ, ಆಸ್ಪತ್ರೆಗಳಲ್ಲಿ ಭೇದ ಮಾಡಬಾರದೆಂದು 2017ರ ಕಾನೂನು ಹೇಳುತ್ತದೆ.

ಕೆಲವು ವರ್ಷಗಳ ಹಿಂದೆ ಬಸ್‌ ನಿಲ್ದಾಣದಲ್ಲಿ ಅದೇ ತಾಯಿ ಎದುರಾದಳು. ಮಗ ಕೆಲಸಕ್ಕೆ ಸೇರಿದ್ದನಂತೆ. "ಆರೋಗ್ಯ ಹೇಗಿದೆಯಮ್ಮಾ?" ಎಂದೆ. "ದಿನಾ ಒಂದು ಮಾತ್ರೆ ಟೀಚರ್. ಬಿ.ಪಿ. ಇರೋರು ನುಂಗಲ್ವಾ, ಹಂಗೇ" ಎಂದು ನಕ್ಕಳು. ತಪ್ಪಿನ ಮಾತೇ ಎತ್ತಲಿಲ್ಲ.

ಎತ್ತಬೇಕಾಗಿದ್ದವಳು ನಾನು. ಲೋಟದ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವಳ ಬಸ್ಸು ಬಂತು.