ಸುವಾರ್ತೆ ಎಂಬ ಸುದ್ದಿ

ಸುವಾರ್ತೆ ಎಂದರೆ ಒಳ್ಳೆಯ ಸುದ್ದಿ. ಕನ್ನಡ ಕ್ರೈಸ್ತರ ನಡುವೆ ಈ ಮಾತಿಗೆ ಹಲವು ಬಳಕೆಗಳಿವೆ. ಯೇಸುವಿನ ಬಾಳನ್ನು ಹೇಳುವ ಮತ್ತಾಯ, ಮಾರ್ಕ, ಲೂಕ, ಯೋಹಾನರ ಪುಸ್ತಕಗಳಿಗೆ ಅದೇ ಹೆಸರು. ಊರೂರು ತಿರುಗಿ ಆ ಕಥೆ ಹೇಳುವವನು ಸುವಾರ್ತಿಕ, ಅವನು ಸಾರುವುದೂ ಸುವಾರ್ತೆ. ಇವೆಲ್ಲಕ್ಕೂ ಹಿಂದೆ, ಕ್ರೈಸ್ತ ನಂಬಿಕೆಯ ತಿರುಳಿಗೇ ಅದು ಹೆಸರಾಗಿತ್ತು. ನಾಲ್ಕು ಪುಸ್ತಕಗಳಲ್ಲಿ ಒಂದನ್ನೂ ಯಾರೂ ಬರೆಯದೆ ಇದ್ದಾಗಲೇ ಸುವಾರ್ತೆ ಬಾಯಿಂದ ಬಾಯಿಗೆ ಹೋಗುತ್ತಿತ್ತು. ಉಪದೇಶ, ಶಾಸ್ತ್ರ, ದರ್ಶನ ಎಂಬಂಥ ಹೆಸರುಗಳೆಲ್ಲ ಇರುವಾಗ ಒಂದು ಧರ್ಮ ತನ್ನ ತಿರುಳನ್ನು ಸುದ್ದಿ ಎಂದು ಕರೆದುಕೊಂಡದ್ದು ವಿಶೇಷವೇ ಸರಿ. ಸುದ್ದಿಗೆ ಬೇಕಾದದ್ದು ನಡೆದ ಒಂದು ಸಂಗತಿ. ಕ್ರೈಸ್ತ ಧರ್ಮದ ಮೂಲ ನಂಬಿಕೆಗಳ ಸ್ವಭಾವ ಈ ಹೆಸರಿನಲ್ಲೇ ತಿಳಿಯುತ್ತದೆ.

ಮೂಲದ ಗ್ರೀಕ್ ಮಾತು ಯುವಾಂಗೆಲಿಯೊನ್. ಅದರಲ್ಲಿ ‘ಯು’ ಎಂದರೆ ಒಳ್ಳೆಯದು, ‘ಆಂಗೆಲಿಯಾ’ ಎಂದರೆ ಸುದ್ದಿ. ಸುದ್ದಿ ಹೊತ್ತು ತರುವವನು ಆಂಗೆಲೊಸ್. ಏಂಜೆಲ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಕನ್ನಡ ಬೈಬಲ್ ಅದನ್ನು ದೇವದೂತ ಎಂದದ್ದು ಮೂಲಕ್ಕೆ ತೀರ ಹತ್ತಿರದ ಅನುವಾದ. ಹೋಮರನ ಕಾಲದಲ್ಲಿ ಯುವಾಂಗೆಲಿಯೊನ್ ಎಂದರೆ ಒಳ್ಳೆಯ ಸುದ್ದಿ ತಂದವನಿಗೆ ಕೊಡುವ ಉಡುಗೊರೆ. ಒಡಿಸ್ಸಿಯ 14ನೆಯ ಸರ್ಗದಲ್ಲಿ ಭಿಕ್ಷುಕನ ವೇಷ ತೊಟ್ಟು ಊರಿಗೆ ಮರಳಿದ ಒಡಿಸಿಯಸ್ ಹಂದಿ ಕಾಯುವ ಯುಮೇಯಸನ ಬಳಿ ಕೂತು, ನಿನ್ನ ಒಡೆಯ ಬಂದೇ ಬರುತ್ತಾನೆ, ಬಂದ ದಿನ ನನಗೆ ಆ ಉಡುಗೊರೆ ಸಲ್ಲಲಿ ಎಂದು ಕೇಳುತ್ತಾನೆ. ಅಲೆಮಾರಿಗಳು ಹೇಳಿದ ಸುಳ್ಳು ಕೇಳಿ ಕೇಳಿ ಸೋತಿದ್ದ ಯುಮೇಯಸ್ ನಂಬುವುದಿಲ್ಲ. ಕಾಲ ಕಳೆದಂತೆ ಉಡುಗೊರೆಯ ಅರ್ಥ ಹಿಂದೆ ಸರಿದು, ಗೆಲುವಿನ ಸುದ್ದಿ, ಅದಕ್ಕಾಗಿ ದೇವರಿಗೆ ಸಲ್ಲಿಸುವ ಬಲಿ ಎಂಬ ಅರ್ಥಗಳು ಮುಂದೆ ಬಂದವು.

ಯೆಹೂದ್ಯರ ಹೀಬ್ರೂ ಭಾಷೆಯ ‘ಬೆಸೊರಾ’ ಕೂಡ ಇಂಥದೇ ಮಾತು. ಸುದ್ದಿಯೂ ಅದೇ, ಸುದ್ದಿಗೆ ಕೊಡುವ ಕಾಣಿಕೆಯೂ ಅದೇ. ದಾವೀದನನ್ನು ದ್ವೇಷಿಸುತ್ತಿದ್ದ ಸೌಲ ರಾಜ ಸತ್ತನೆಂದರೆ ದಾವೀದ ಹಿಗ್ಗುವನೆಂದು ಭಾವಿಸಿ ಓಡಿಬಂದವನಿಗೆ ಮರಣದಂಡನೆಯಾದದ್ದನ್ನು ಸಮುವೇಲನ ಎರಡನೆಯ ಗ್ರಂಥ ಹೇಳುತ್ತದೆ. ಅವನ ಸುದ್ದಿಗೆ ಸಂದ ಬೆಸೊರಾ ಅದು ಎಂದು ದಾವೀದನೇ ಮುಂದೆ ನೆನೆಯುತ್ತಾನೆ. ಈ ಮಾತಿಗೆ ಧರ್ಮದ ಆಳ ಬಂದದ್ದು ಯೆಶಾಯನ ಗ್ರಂಥದ ಉತ್ತರಭಾಗದಲ್ಲಿ. ಕ್ರಿಸ್ತಪೂರ್ವ 586ರ ಸುಮಾರಿಗೆ ಬಾಬಿಲೋನಿನವರು ಜೆರುಸಲೇಮನ್ನು ಹಾಳುಗೆಡವಿ ಜನರನ್ನು ಸೆರೆ ಒಯ್ದಿದ್ದರು. ಆ ಸೆರೆ ಮುಗಿಯಿತು, ದೇವರು ತಾನೇ ಅರಸನಾಗಿ ಬರುತ್ತಿದ್ದಾನೆ ಎಂದು ಬೆಟ್ಟಗಳ ಮೇಲಿಂದ ಕೂಗಿ ಹೇಳುವ ದೂತನ ಚಿತ್ರ ಅಲ್ಲಿದೆ. ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಅಲೆಕ್ಸಾಂಡ್ರಿಯದಲ್ಲಿ ಹೀಬ್ರೂ ಗ್ರಂಥಗಳು ಗ್ರೀಕಿಗೆ ಬರತೊಡಗಿದವು. ಯೆಶಾಯನ ದೂತ ಸಾರುವ ಕ್ರಿಯೆಗೆ ಅನುವಾದಕರು ಬಳಸಿದ್ದು ಯುವಾಂಗೆಲಿಯೊನ್ ಮಾತಿನ ಕ್ರಿಯಾಪದವನ್ನು.

ಅದೇ ಮಾತನ್ನು ರೋಮ್ ಸಾಮ್ರಾಜ್ಯವೂ ಕೈಗೆತ್ತಿಕೊಂಡಿತ್ತು. ಇಂದಿನ ಟರ್ಕಿಯ ಪಶ್ಚಿಮ ಭಾಗದಲ್ಲಿರುವ ಪ್ರಿಯೇನೆಯಲ್ಲಿ ಕ್ರಿಸ್ತಪೂರ್ವ 9ರ ಒಂದು ಶಾಸನ ದೊರೆತಿದೆ. ಅದರಲ್ಲಿರುವಂತೆ, ಚಕ್ರವರ್ತಿ ಅಗಸ್ಟಸನ ಹುಟ್ಟುಹಬ್ಬವಾದ ಸೆಪ್ಟೆಂಬರ್ 23ರಿಂದಲೇ ವರ್ಷ ಆರಂಭವಾಗಬೇಕೆಂದು ಆಸ್ಯ ಪ್ರಾಂತದ ಸಭೆ ನಿರ್ಣಯಿಸಿತು. ಆ ‘ದೇವ’ನ ಹುಟ್ಟು ಲೋಕಕ್ಕೆ ಒಳ್ಳೆಯ ಸುದ್ದಿಗಳ ಮೊದಲು ಎಂಬುದು ಅದು ಕೊಟ್ಟ ಕಾರಣ. ಅಗಸ್ಟಸ್ ಅಲ್ಲಿ ರಕ್ಷಕ, ಅವನಿಂದ ಯುದ್ಧ ನಿಂತು ಶಾಂತಿ ಬಂದಿದೆ. ಲೂಕನ ಗ್ರಂಥದ ಎರಡನೆಯ ಅಧ್ಯಾಯವನ್ನು ಈ ಶಾಸನದ ಪಕ್ಕದಲ್ಲಿಟ್ಟು ಓದಬೇಕು. ಅಲ್ಲೂ ಅಗಸ್ಟಸನ ಹೆಸರಿದೆ, ಖಾನೇಷುಮಾರಿಗೆ ಆಜ್ಞೆ ಹೊರಡಿಸಿದವನಾಗಿ. ಆದರೆ ದೇವದೂತ ಒಳ್ಳೆಯ ಸುದ್ದಿ ತರುವುದು ಬಯಲಲ್ಲಿ ಮಂದೆ ಕಾಯುವ ಕುರುಬರಿಗೆ. ರಕ್ಷಕನೆಂಬ ಬಿರುದು ಹೋಗುವುದು ಗೋದಲಿಯಲ್ಲಿ ಮಲಗಿದ ಕೂಸಿಗೆ. ಯೇಸುವನ್ನು ರಕ್ಷಕ, ಪ್ರಭು ಎಂದು ಕರೆದವರಿಗೆ ಆ ಹೆಸರುಗಳು ಬೇರೆ ಯಾರಿಗೆ ಸಲ್ಲುತ್ತಿದ್ದವೆಂಬುದು ಚೆನ್ನಾಗಿ ಗೊತ್ತಿತ್ತು.

ಮಾರ್ಕನ ಪ್ರಕಾರ ಯೇಸು ಗಲಿಲಾಯದಲ್ಲಿ ಆಡಿದ ಮೊದಲ ಮಾತೇ ಸುವಾರ್ತೆಯದು: ಕಾಲ ತುಂಬಿತು, ದೇವರ ರಾಜ್ಯ ಹತ್ತಿರ ಬಂತು, ಮನಸ್ಸು ತಿರುಗಿಸಿಕೊಂಡು ಈ ಸುದ್ದಿಯನ್ನು ನಂಬಿರಿ ಎಂಬುದು ಅದರ ಸಾರ. ಲೂಕನಲ್ಲಿ ಆತ ನಜರೇತಿನ ಸಭಾಮಂದಿರದಲ್ಲಿ ಯೆಶಾಯನ ಸುರುಳಿ ಬಿಚ್ಚಿ, ಬಡವರಿಗೆ ಒಳ್ಳೆಯ ಸುದ್ದಿ ಎಂಬ ಭಾಗವನ್ನು ಓದಿ, ಅದು ಅಂದೇ ನೆರವೇರಿತೆನ್ನುತ್ತಾನೆ. ಯೇಸುವಿನ ಬಾಯಲ್ಲಿ ಸುದ್ದಿ ದೇವರ ರಾಜ್ಯದ್ದು. ಆತನ ಮರಣಾನಂತರ ಶಿಷ್ಯರ ಬಾಯಲ್ಲಿ ಆ ಸುದ್ದಿ ಯೇಸುವಿನದೇ ಆಯಿತು. ಸುದ್ದಿ ತಂದವನೇ ಸುದ್ದಿಯಾದ ಈ ತಿರುವಿನಲ್ಲಿ ಕ್ರೈಸ್ತ ಧರ್ಮ ಹುಟ್ಟಿದೆ.

ಹೊಸ ಒಡಂಬಡಿಕೆಯಲ್ಲಿ ಯುವಾಂಗೆಲಿಯೊನ್ ಎಂಬ ನಾಮಪದ 76 ಸಲ ಬರುತ್ತದೆ. ಅದರಲ್ಲಿ 60 ಸಲ ಆದಿ ಕ್ರೈಸ್ತ ಪ್ರಚಾರಕ ಪೌಲನ ಹೆಸರಿನ ಪತ್ರಗಳಲ್ಲಿ. ಯೋಹಾನನ ಸುವಾರ್ತೆಯಲ್ಲಿ ಅದು ಒಂದು ಸಲವೂ ಇಲ್ಲ. ಆದ್ದರಿಂದ ಈ ಮಾತಿನ ಒಳಗೇನಿದೆಯೆಂದು ತಿಳಿಯಲು ಪೌಲನ ಬಳಿಗೇ ಹೋಗಬೇಕು. ಕ್ರಿಸ್ತಶಕ 50ರ ದಶಕದಲ್ಲಿ ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಪತ್ರದ 15ನೆಯ ಅಧ್ಯಾಯದಲ್ಲಿ ಆತ ತನ್ನ ಸುವಾರ್ತೆ ಇಂಥದೆಂದು ಬಿಡಿಸಿ ಹೇಳುತ್ತಾನೆ. ಅದು ತನ್ನ ಸ್ವಂತದ್ದಲ್ಲ, ತಾನು ಪಡೆದು ದಾಟಿಸಿದ್ದು ಎನ್ನುತ್ತಾನೆ. ಕ್ರಿಸ್ತನು ಶಾಸ್ತ್ರಗಳ ಪ್ರಕಾರ ಪಾಪಗಳಿಗಾಗಿ ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಪೇತ್ರನಿಗೂ ಹನ್ನೆರಡು ಮಂದಿಗೂ ಕಾಣಿಸಿಕೊಂಡನು. ಆಮೇಲೆ 500ಕ್ಕೂ ಹೆಚ್ಚು ಜನ ಒಟ್ಟಿಗೆ ಕಂಡರೆಂದೂ, ಅವರಲ್ಲಿ ಬಹುಪಾಲು ಇನ್ನೂ ಬದುಕಿದ್ದಾರೆಂದೂ ಸೇರಿಸುತ್ತಾನೆ. ಕೇಳಿ ನೋಡಬಹುದಾದ ಸಾಕ್ಷಿಗಳಿದ್ದಾರೆ ಎಂಬ ಧ್ವನಿ ಈ ಕೊನೆಯ ಮಾತಿಗಿದೆ.

ಆ ಸಾಲುಗಳಲ್ಲಿ ಇರುವುದೆಲ್ಲ ಕ್ರಿಯಾಪದ: ಸತ್ತನು, ಹೂಣಲ್ಪಟ್ಟನು, ಎಬ್ಬಿಸಲ್ಪಟ್ಟನು, ಕಾಣಿಸಿಕೊಂಡನು. ನಂಬಿಕೆಯ ಬಹುಭಾಗ ಈ ಕ್ರಿಯಾಪದಗಳಿಗೆ ಅಂಟಿಕೊಂಡ ಸಣ್ಣ ಪದಗಳಲ್ಲಿ ಅಡಗಿದೆ. ‘ಕ್ರಿಸ್ತ’ ಎಂದರೆ ಅಭಿಷಿಕ್ತ, ಇಸ್ರಾಯೇಲ್ ಕಾದಿದ್ದ ಅರಸ. ‘ಶಾಸ್ತ್ರಗಳ ಪ್ರಕಾರ’ ಎಂಬುದು ಈ ಮರಣವನ್ನು ಲೋಕವನ್ನು ಸೃಷ್ಟಿಸಿದ, ಅಬ್ರಹಾಮನಿಗೆ ಮಾತು ಕೊಟ್ಟ ದೇವರ ದೀರ್ಘ ಕಥೆಗೆ ಹೊಲಿಯುತ್ತದೆ. ಒಬ್ಬ ಮನುಷ್ಯ ಶಿಲುಬೆಯ ಮೇಲೆ ಸತ್ತನೆಂಬುದು ಸುದ್ದಿ. ‘ಪಾಪಗಳಿಗಾಗಿ’ ಎಂಬುದು ಆ ಸುದ್ದಿಯ ಅರ್ಥ. ಮನುಷ್ಯ ತಾನೇ ಕಟ್ಟಿಕೊಂಡ ದೋಷದ ಭಾರವನ್ನು ದೇವರು ತನ್ನ ಮೇಲೆ ಹೊತ್ತುಕೊಂಡನೆಂಬ ನಂಬಿಕೆ ಅಲ್ಲಿದೆ. ‘ಹೂಣಲ್ಪಟ್ಟನು’ ಎಂಬುದು ಸಾವು ನಿಜವಾದ ಸಾವೇ ಎಂದು ಖಚಿತಪಡಿಸುತ್ತದೆ. ಇನ್ನು ಪುನರುತ್ಥಾನ. ಆತ್ಮಕ್ಕೆ ಅಳಿವಿಲ್ಲವೆಂಬ ವಿಚಾರ ಗ್ರೀಕರಿಗೆ ಹಳೆಯದು, ಪೌಲ ಹೇಳುವುದು ಅದನ್ನಲ್ಲ. ಹೂಣಿಟ್ಟ ದೇಹವನ್ನೇ ದೇವರು ಅಳಿಯದ ಹೊಸ ಜೀವಕ್ಕೆ ಎಬ್ಬಿಸಿದನು, ಸತ್ತವರೆಲ್ಲರಿಗೂ ಅದು ಮುಂಗಾಣಿಕೆ ಎನ್ನುತ್ತಾನೆ. ಅದು ನಡೆಯದಿದ್ದರೆ ನಂಬಿಕೆಯೇ ಹುರುಳಿಲ್ಲದ್ದೆಂದು ಆತ ಅದೇ ಅಧ್ಯಾಯದಲ್ಲಿ ಒಪ್ಪಿಕೊಳ್ಳುತ್ತಾನೆ. ತನ್ನ ಧರ್ಮದ ಅಳಿವು ಉಳಿವನ್ನು ಒಂದು ಘಟನೆಯ ಮೇಲೆ ಇಷ್ಟು ನೇರವಾಗಿ ಪಣವಿಟ್ಟ ಮಾತು ಅಪರೂಪ.

ಕೃಪೆಯ ಬೋಧನೆಯೂ ಸುದ್ದಿ ಎಂಬ ರೂಪದಿಂದಲೇ ಹರಿಯುತ್ತದೆ. ಆಜ್ಞೆ ಬಂದರೆ ಪಾಲಿಸಬೇಕು, ಸಲಹೆ ಬಂದರೆ ಪ್ರಯತ್ನಿಸಬೇಕು. ಸುದ್ದಿ ಬಂದಾಗ ಮಾಡಬೇಕಾದ ಮೊದಲ ಕೆಲಸ ಅದನ್ನು ನಂಬುವುದು. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲ ಸಿಟ್ಟಾಗುವುದು ಈ ಕಾರಣಕ್ಕೆ. ಅಲ್ಲಿನ ಕೆಲವರು ನಂಬಿಕೆಯ ಜೊತೆಗೆ ಸುನ್ನತಿಯನ್ನೂ ಸೇರಿಸಿಕೊಳ್ಳಬೇಕೆಂದಿದ್ದರು. ಹಾಗೆ ಷರತ್ತು ಹಾಕಿದರೆ ಅದು ಬೇರೆಯೇ ಸುವಾರ್ತೆ, ಅಂದರೆ ಸುವಾರ್ತೆಯೇ ಅಲ್ಲ ಎಂಬುದು ಪೌಲನ ವಾದ. ನಂಬಿದವರ ಬಾಳು ಬದಲಾಗಬೇಕು, ಪ್ರೀತಿಯಲ್ಲಿ ಫಲ ಕೊಡಬೇಕು, ಅದು ಪವಿತ್ರಾತ್ಮನ ಕೆಲಸ ಎಂದು ಆತ ಅಷ್ಟೇ ಒತ್ತಿ ಹೇಳಿದ್ದಾನೆ. ಆದರೆ ಅದು ಸುದ್ದಿಯ ಬೆನ್ನಿಗೆ ಬರುವುದು. ಬ್ರಿಟಿಷ್ ವಿದ್ವಾಂಸ ಸಿ. ಎಚ್. ಡಾಡ್ 1936ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸಾರುವ ಸುದ್ದಿಯನ್ನೂ ಕಲಿಸುವ ಬೋಧನೆಯನ್ನೂ ಬೇರ್ಪಡಿಸಿ ನೋಡಿದ್ದು ಇದನ್ನೇ. ಮೊದಲನೆಯದಕ್ಕೆ ಗ್ರೀಕಿನಲ್ಲಿ ಕೆರಿಗ್ಮ ಎಂದು ಹೆಸರು, ಡಂಗುರದವನು ಸಾರಿದ್ದು ಎಂದು ಅರ್ಥ. ಕನ್ನಡದಲ್ಲಿ ಸುವಾರ್ತೆಯನ್ನು ‘ಸಾರುವುದು’ ಎನ್ನುವ ರೂಢಿ ಈ ಅರ್ಥಕ್ಕೆ ಕೂದಲೆಳೆಯಷ್ಟೂ ತಪ್ಪಿಲ್ಲ. ಕರ್ತನ ಭೋಜನದ ರೊಟ್ಟಿ ತಿನ್ನುವುದೂ ಪೌಲನಿಗೆ ಆ ಮರಣವನ್ನು ಸಾರುವುದೇ. ಅಲ್ಲಿ ಆತ ಬಳಸುವ ಗ್ರೀಕ್ ಕ್ರಿಯಾಪದದೊಳಗೂ ಆಂಗೆಲೊಸ್ ಮಾತಿನ ಬೇರಿದೆ.

ಸುದ್ದಿ ಯಾರದೆಂಬ ಪ್ರಶ್ನೆ ಮುಂದಿನ ಶತಮಾನಗಳನ್ನು ಕಾಡಿತು. ಸತ್ತು ಎದ್ದವನು ಬರೀ ಮನುಷ್ಯನಾದರೆ ರಕ್ಷಿಸಿದ್ದು ದೇವರಲ್ಲ. ಮನುಷ್ಯನೇ ಅಲ್ಲದಿದ್ದರೆ ಸಾವು ನಟನೆಯಾಗುತ್ತದೆ. 325ರ ನಿಸೀಯ ಸಭೆ ಪುತ್ರನು ತಂದೆಯೊಡನೆ ಒಂದೇ ತತ್ತ್ವದವನೆಂದಿತು, 451ರ ಕಾಲ್ಸೆಡನ್ ಸಭೆ ಆತ ಪೂರ್ಣ ದೇವರು, ಪೂರ್ಣ ಮನುಷ್ಯ ಎಂದಿತು. ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿತ್ವದ ಬೋಧನೆ ಗಟ್ಟಿಯಾದದ್ದು ಈ ಹಾದಿಯಲ್ಲಿ. ಇಷ್ಟು ಸೂಕ್ಷ್ಮ ತತ್ತ್ವದ ನಡುವೆಯೂ, 381ರ ಕಾನ್‌ಸ್ಟಾಂಟಿನೋಪಲ್ ಸಭೆಯ ಹೆಸರಿನಲ್ಲಿ ಉಳಿದುಬಂದು ಇಂದಿಗೂ ಆರಾಧನೆಯಲ್ಲಿ ಹೇಳುವ ವಿಶ್ವಾಸ ಪ್ರಮಾಣ ಒಬ್ಬ ರೋಮನ್ ಅಧಿಕಾರಿಯ ಹೆಸರನ್ನು ಬಿಟ್ಟುಕೊಟ್ಟಿಲ್ಲ. ಯೇಸುವಿಗೆ ಶಿಲುಬೆಯ ಶಿಕ್ಷೆ ಕೊಟ್ಟ ಆ ಪೊಂತ್ಯ ಪಿಲಾತ ಯೂದಾಯವನ್ನು ಆಳಿದ್ದು 26ರಿಂದ 36ರವರೆಗೆ. ಅವನ ಹೆಸರು ಇರುವಷ್ಟು ಕಾಲ ಆ ಪ್ರಮಾಣ ತಾರೀಖಿರುವ ಸುದ್ದಿಯಾಗಿಯೇ ಇರುತ್ತದೆ.

ಸುವಾರ್ತೆ ಪುಸ್ತಕದ ಹೆಸರಾದದ್ದು 2ನೆಯ ಶತಮಾನದಲ್ಲಿ. ಸುಮಾರು 155ರಲ್ಲಿ ರೋಮಿನಲ್ಲಿ ಬರೆದ ಕ್ರೈಸ್ತ ಲೇಖಕ ಜಸ್ಟಿನ್, ಅಪೊಸ್ತಲರ ನೆನಪಿನ ಬರಹಗಳಿಗೆ ಆ ಹೆಸರಿದೆಯೆಂದು ಬಹುವಚನದಲ್ಲಿ ಹೇಳುತ್ತಾನೆ. ಸುಮಾರು 180ರಲ್ಲಿ ಲಿಯಾನಿನ ಬಿಷಪ್ ಐರೇನಿಯಸ್ ಅವು ನಾಲ್ಕೇ ಎಂದು ಪಟ್ಟುಹಿಡಿದ. ಆದರೂ ಹಳೆಯ ಹಸ್ತಪ್ರತಿಗಳ ಶೀರ್ಷಿಕೆ ‘ಮಾರ್ಕನ ಪ್ರಕಾರ’, ‘ಲೂಕನ ಪ್ರಕಾರ’ ಎಂದಿರುತ್ತದೆ. ಸುದ್ದಿ ಒಂದೇ, ಹೇಳಿದವರು ನಾಲ್ವರು ಎಂಬ ಎಚ್ಚರ ಅದರಲ್ಲಿದೆ. ‘ಮಾರ್ಕನು ಬರೆದ ಸುವಾರ್ತೆ’ ಎಂಬ ಕನ್ನಡ ಶೀರ್ಷಿಕೆಯಲ್ಲಿ ಅದು ಸ್ವಲ್ಪ ಮಸುಕಾಗಿದೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಸಿಕ್ಕ ತೋಮನ ಸುವಾರ್ತೆಯಲ್ಲಿ 114 ನುಡಿಗಳಿವೆ, ಶಿಲುಬೆಯ ಕಥೆಯಿಲ್ಲ, ಪುನರುತ್ಥಾನದ ಕಥೆಯಿಲ್ಲ. ಸಂಗತಿಯನ್ನು ಬಿಟ್ಟು ಬೋಧೆಯನ್ನು ಮಾತ್ರ ಉಳಿಸಿಕೊಂಡರೆ ಹೇಗಿರುತ್ತದೆಂಬುದಕ್ಕೆ ಅದು ಉದಾಹರಣೆ. ಕುರ್‌ಆನ್ ಹೇಳುವ ಇಂಜೀಲ್ ಕೂಡ ಇದೇ ಗ್ರೀಕ್ ಮಾತಿನ ಸಂತತಿ. ಮುಸ್ಲಿಮರ ನಂಬಿಕೆಯಲ್ಲಿ ಅದು ಈಸಾ ಪ್ರವಾದಿಗೆ ದೇವರು ಕೊಟ್ಟ ಗ್ರಂಥ. ಕ್ರೈಸ್ತರಿಗೆ ಯೇಸು ಗ್ರಂಥ ತಂದವನಲ್ಲ, ಗ್ರಂಥಗಳು ಆತನನ್ನು ಕುರಿತವು.

ಲ್ಯಾಟಿನ್ ಈ ಮಾತನ್ನು ಅನುವಾದಿಸದೆ ಇವಾಂಜೆಲಿಯಮ್ ಎಂದು ಉಳಿಸಿಕೊಂಡಿತು. ಹಳೆಯ ಇಂಗ್ಲಿಷ್ ‘ಗೋಡ್‌ಸ್ಪೆಲ್’, ಒಳ್ಳೆಯ ಕಥೆ, ಎಂದು ಅನುವಾದಿಸಿತು. ಅದೇ ಸವೆದು ಗಾಸ್ಪೆಲ್ ಆಯಿತು. 1522ರಲ್ಲಿ ಜರ್ಮನ್ ಹೊಸ ಒಡಂಬಡಿಕೆ ಪ್ರಕಟಿಸಿದ ಮಾರ್ಟಿನ್ ಲೂಥರ್ ಮುನ್ನುಡಿಯಲ್ಲಿ ಈ ಮಾತನ್ನೇ ವಿವರಿಸಲು ಕೂತ. ಸುವಾರ್ತೆಯಿಂದ ಕಾನೂನಿನ ಪುಸ್ತಕ ಮಾಡಬೇಡಿ, ಕ್ರಿಸ್ತನನ್ನು ಇನ್ನೊಬ್ಬ ಮೋಶೆಯನ್ನಾಗಿಸಬೇಡಿ ಎಂಬುದು ಅವನ ಕಳಕಳಿ. ಅವನ ಅನುಯಾಯಿಗಳು ಇವಾಂಗೆಲಿಶ್ ಎನಿಸಿಕೊಂಡರು, ಮಾತು ಒಂದು ಪಂಗಡದ ಗುರುತಾಯಿತು. ಇಂಗ್ಲಿಷಿನ ಇವಾಂಜೆಲಿಕಲ್ ಮತ್ತೊಂದು ದಿಕ್ಕು ಹಿಡಿದು 18ನೆಯ ಶತಮಾನದ ಜಾಗೃತಿ ಚಳವಳಿಗೆ ಅಂಟಿಕೊಂಡಿತು. 1930ರ ದಶಕದ ಶಿಕಾಗೋದಲ್ಲಿ ಥಾಮಸ್ ಡಾರ್ಸಿಯಂಥವರ ಕೈಯಲ್ಲಿ ಗಾಸ್ಪೆಲ್ ಎಂಬುದು ಆಫ್ರಿಕನ್ ಅಮೆರಿಕನ್ನರ ಸಂಗೀತದ ಹೆಸರೂ ಆಯಿತು. ಅದು ದುಃಖದ ಒಡಲಿಂದ ಹೊಮ್ಮುವ ಹಿಗ್ಗು. ಈ ಬಳಕೆ ಮಾತಿನ ಮೂಲಕ್ಕೆ ಪಂಗಡದ ಬಳಕೆಗಿಂತ ಹತ್ತಿರವಿದೆ.

ಕನ್ನಡ ನಾಡಿನಲ್ಲಿ ಪ್ರಾಟೆಸ್ಟಂಟರಿಗೆ ಇದು ಸುವಾರ್ತೆ, ಕಥೋಲಿಕರಿಗೆ ಶುಭಸಂದೇಶ. ಮಂಗಳೂರಿನ ಕೊಂಕಣಿ ಕಥೋಲಿಕರು ಪೋರ್ಚುಗೀಸಿನಿಂದ ಬಂದ ವಾಂಜೆಲ್ ಎಂಬ ಮಾತನ್ನು ಉಳಿಸಿಕೊಂಡಿದ್ದಾರೆ. ಎರಡು ಕನ್ನಡ ಮಾತುಗಳಿಗೂ ಬೇರೆ ಬೇರೆ ಸತ್ವವಿದೆ. ವಾರ್ತೆ ಎಂಬುದಕ್ಕೆ ‘ವೃತ್ತ’ದ, ಅಂದರೆ ನಡೆದುಹೋದದ್ದರ, ನಂಟಿದೆ, ಅದು ಘಟನೆಯ ಕಡೆ ಬೆರಳು ತೋರುತ್ತದೆ. ಸಂದೇಶ ಎಂದೊಡನೆ ಅದನ್ನು ಕಳಿಸಿದವರು ಯಾರೆಂಬ ಪ್ರಶ್ನೆ ಏಳುತ್ತದೆ. ಅದು ಕಳಿಸಿದಾತನ ಕಡೆ ತೋರುತ್ತದೆ. ಪೌಲನ ಸಾಲುಗಳಿಗೆ ವಾರ್ತೆಯೇ ಹೆಚ್ಚು ಒಪ್ಪುತ್ತದೆ. ಮಂಗಳ ಮತ್ತು ಸಂತಸದ ಸುದ್ದಿ ಎರಡನ್ನೂ ಹೇಳುವ ‘ಒಸಗೆ’ ಎಂಬ ಹಳೆಯ ಕನ್ನಡ ಮಾತು ಅನುವಾದಕರ ಕೈಗೆ ಸಿಗಲಿಲ್ಲವೆಂಬುದು ಒಂದು ನಷ್ಟವೇ. ಈ ನಾಡಿನಲ್ಲಿ ಸುವಾರ್ತೆಗೂ ಪತ್ರಿಕೆಯ ಸುದ್ದಿಗೂ ನಂಟು ಕೂಡಿಬಂದಿದೆ: ಇವಾಂಗೆಲಿಶ್ ಎಂಬ ವಿಶೇಷಣ ಹೊತ್ತ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಅದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್.

ಬಳಕೆಯಲ್ಲಿ ಈ ಮಾತಿಗೆ ಸಲ್ಲುವ ಗೌರವ ಆರಾಧನೆಯಲ್ಲಿ ಕಾಣುತ್ತದೆ. ಕಥೋಲಿಕರ ಬಲಿಪೂಜೆಯಲ್ಲಿ ಉಳಿದ ವಾಚನಗಳನ್ನು ಜನ ಕೂತು ಕೇಳುತ್ತಾರೆ, ಶುಭಸಂದೇಶಕ್ಕೆ ಎದ್ದು ನಿಲ್ಲುತ್ತಾರೆ. ಅದನ್ನು ಓದುವವರು ಗುರುಗಳು ಅಥವಾ ಡೀಕನ್. ಓದುವ ಮೊದಲು ಹಣೆ, ತುಟಿ, ಎದೆಯ ಮೇಲೆ ಹೆಬ್ಬೆರಳಿನಿಂದ ಪುಟ್ಟ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ, ಜನರೂ ಹಾಗೆಯೇ ಮಾಡುತ್ತಾರೆ. ಆರ್ಥಡಾಕ್ಸ್ ಸಭೆಗಳಲ್ಲಿ ಸುವಾರ್ತೆಯ ಪುಸ್ತಕವನ್ನು ಮೆರವಣಿಗೆಯಲ್ಲಿ ತರುತ್ತಾರೆ. ಪ್ರಾಟೆಸ್ಟಂಟ್ ಸಭೆಗಳಲ್ಲಿ ಆ ಗೌರವ ಹೆಚ್ಚಾಗಿ ಪ್ರಸಂಗಕ್ಕೆ ಸಲ್ಲುತ್ತದೆ, ಓದಿದ್ದನ್ನು ಬಿಡಿಸಿ ಸಾರುವ ಮಾತಿಗೆ.